ಸೊಟ್ಟಕೋಣೆ ಮೀಮಾಂಸೆ

ನಾಲ್ಕು ಭುಜಗಳ ಅಳತೆ ಮಾತ್ರ ಹೇಳಿ ಕ್ಷೇತ್ರಫಲ ಎಷ್ಟೆಂದು ಕೇಳುವವನು ಪಿಶಾಚಿ, ಅದಕ್ಕೆ ಉತ್ತರ ಹೇಳುವವನು ಅವನಿಗಿಂತ ದೊಡ್ಡ ಪಿಶಾಚಿ ಎಂಬರ್ಥದಲ್ಲಿ ಭಾಸ್ಕರಾಚಾರ್ಯರು 1150ರ ‘ಲೀಲಾವತಿ’ಯಲ್ಲಿ ಗದರಿದ್ದಾರೆ. ಕಾರಣವಿದೆ. ನಾಲ್ಕು ಭುಜ ಗೊತ್ತಾದ ಮಾತ್ರಕ್ಕೆ ಚತುರ್ಭುಜ ನಿಲ್ಲುವುದಿಲ್ಲ. ಕೀಲು ಸಡಿಲಾದ ಮಂಚದ ಹಾಗೆ ಅತ್ತಿತ್ತ ವಾಲುತ್ತದೆ. ಒಂದು ಕರ್ಣವನ್ನೋ ಲಂಬವನ್ನೋ ಹೇಳಿದರಷ್ಟೇ ಅದಕ್ಕೆ ಸ್ಥೈರ್ಯ. ಈ ಲಕ್ಷಣವನ್ನು ಒಪ್ಪಿದರೆ, ಬೆಂಗಳೂರಿನ ಫರ್ನಿಚರ್ ಅಂಗಡಿಗಳಲ್ಲಿ ‘ರೂಂ ಎಷ್ಟು ಬೈ ಎಷ್ಟು ಸಾರ್?’ ಎಂದು ಕೇಳುವ ಹುಡುಗರೂ, ‘ಹತ್ತು ಬೈ ಹತ್ತು’ ಎಂದು ಸಲೀಸಾಗಿ ಉತ್ತರಿಸುವ ಗೃಹಸ್ಥರೂ ಯಾವ ಗಣಕ್ಕೆ ಸೇರುತ್ತಾರೆ ಎಂಬುದು ಈ ಪ್ರಬಂಧದ ಮೊದಲ ಶಂಕೆ. ಬೀರು ಎಲ್ಲಿಡಬೇಕು ಎಂಬುದು ಎರಡನೆಯದು. ಶಾಸ್ತ್ರಕ್ಕೆ ಮೊದಲನೆಯದು ಮುಖ್ಯ, ಸಂಸಾರಕ್ಕೆ ಎರಡನೆಯದು.

ಸೊಟ್ಟಕೋಣೆಯ ಉತ್ಪತ್ತಿ ಮೂರು ಬಗೆ. ರಸ್ತೆ ತಿರುಗುವ ಕಡೆ, ಮೂವತ್ತು ನಲವತ್ತರ ಸೈಟುಗಳ ಸಾಲು ಮುಗಿದ ಮೇಲೆ ಉಳಿಯುವ ಚೂರಿಗೆ ಆಡ್ ಸೈಟ್ ಎನ್ನುತ್ತಾರೆ. ಅದರ ಮೇಲೆ ಎದ್ದದ್ದು ಭೂಜನ್ಯ. ಅಣ್ಣತಮ್ಮಂದಿರು ಹಜಾರವನ್ನು ಪಾಲು ಮಾಡಿಕೊಳ್ಳುವಾಗ ಇಬ್ಬರಿಗೂ ಒಂದೊಂದು ಕಿಟಕಿ ದಕ್ಕಲೆಂದು ಓರೆಯಾಗಿ ಗೋಡೆ ಎಬ್ಬಿಸಿದ್ದು ದಾಯಾದಿಜನ್ಯ. ಮೂರು, ನಾಲ್ಕು, ಐದರ ಅಳತೆಗೆ ದಾರ ಹಿಡಿದು ಮೂಲೆ ನೋಡಲು ಬೇಸರಪಟ್ಟು ‘ಕಣ್ಣಂದಾಜಿಗೆ ಸರಿಯಾಗೇ ಇದೆ ಬಿಡಿ’ ಎಂದು ಕಟ್ಟಿದ್ದು ಮೇಸ್ತ್ರಿಜನ್ಯ. ಮೆಟ್ಟಿಲ ಕೆಳಗಿನ ಗೂಡನ್ನು ನಾಲ್ಕನೆಯದಾಗಿ ಎಣಿಸುವವರೂ ಇದ್ದಾರೆ. ಅಲ್ಲಿ ಚಪ್ಪಲಿ, ಯುಪಿಎಸ್ ಬ್ಯಾಟರಿ ಮತ್ತು ಖಾಲಿ ಸಿಲಿಂಡರ್ ಬಿಟ್ಟರೆ ಬೇರೆ ತತ್ತ್ವ ಕಾಣದ್ದರಿಂದ ನಾವು ಉಪೇಕ್ಷಿಸಿದ್ದೇವೆ.

ಭೂಜನ್ಯದ ಒಂದು ಮಾದರಿಯನ್ನು ನೋಡೋಣ. ಮುಂಗೋಡೆ 8 ಅಡಿ, ಹಿಂಗೋಡೆ 12 ಅಡಿ, ಎರಡೂ ಸಮಾನಾಂತರ. ಎಡಗೋಡೆ ನೆಟ್ಟಗೆ 10 ಅಡಿ. ಬಲಗೋಡೆ ಓರೆ, ಹಾಗಾಗಿ ಹತ್ತೂಮುಕ್ಕಾಲು. ನಿಜವಾದ ನೆಲ 100 ಚದರಡಿ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಇಂಥದಕ್ಕೆ ವ್ಯಾವಹಾರಿಕ, ಸೂಕ್ಷ್ಮ ಎಂದು ಎರಡು ಲೆಕ್ಕ ಕೊಟ್ಟಿದ್ದಾರೆ. ವ್ಯಾವಹಾರಿಕದಲ್ಲಿ ಎದುರುಬದುರು ಗೋಡೆಗಳ ಸರಾಸರಿ ತೆಗೆದು ಗುಣಿಸಿದರೆ ಮುಗಿಯಿತು: ಹೆಚ್ಚೂಕಡಿಮೆ 104. ಇದರ ಸ್ವಾರಸ್ಯವೇನೆಂದರೆ, ಕೋಣೆ ಯಾವ ಕಡೆಗೆ ಸೊಟ್ಟಗಿದ್ದರೂ ಉತ್ತರ ನಿಜಕ್ಕಿಂತ ಹೆಚ್ಚೇ ಬರುತ್ತದೆ, ಕಡಿಮೆಯಂತೂ ಬರುವುದಿಲ್ಲ. ಹಾಗೆಂದು ಒಂಬತ್ತನೆಯ ಶತಮಾನದ ಜೈನ ಗಣಿತಜ್ಞರು ಬಿಲ್ಡರುಗಳ ಪರವಾಗಿದ್ದರು ಎಂದು ಯಾರೂ ಊಹಿಸಬಾರದು. ಸೂಕ್ಷ್ಮವನ್ನೂ ಅವರು ಕೊಟ್ಟಿದ್ದರು; ಅಷ್ಟು ದೂರ ಓದಲು ನಮಗೆ ಪುರುಸೊತ್ತಿರಲಿಲ್ಲ. ಹೆಚ್ಚುವರಿ ನಾಲ್ಕು ಚದರಡಿ ಕಾಗದದಲ್ಲಿದೆ, ಕೋಣೆಯಲ್ಲಿಲ್ಲ. ಹಗ್ಗದಲ್ಲಿ ಹಾವು ಕಾಣುವ ದೃಷ್ಟಾಂತ ಹಳತಾಯಿತೆನ್ನುವ ಅದ್ವೈತಿಗಳು ಇದನ್ನು ಗಮನಿಸಬಹುದು.

ಇಲ್ಲಿ ವಾಸ್ತು ಪಂಡಿತರ ಪೂರ್ವಪಕ್ಷ. ಮುಂದೆ ಕಿರಿದಾಗಿ ಹಿಂದೆ ಅಗಲವಾದರೆ ಗೋಮುಖ, ವಾಸಕ್ಕೆ ಶುಭ. ಮುಂದೆ ಅಗಲವಾಗಿ ಹಿಂದೆ ಕಿರಿದಾದರೆ ವ್ಯಾಘ್ರಮುಖ, ಅಂಗಡಿಗೆ ಆದೀತು, ಮನೆಗೆ ಬೇಡ. ಇದು ಸೈಟಿಗೆ ಹೇಳಿದ ಮಾತು. ಕೋಣೆಗೆ ಎಳೆದು ತಂದರೆ ಬಾಗಿಲೇ ಪ್ರಮಾಣವಾಗುತ್ತದೆ: 8 ಅಡಿಯ ಕಡೆಯಿಂದ ಹೊಕ್ಕರೆ ಹಸು, 12 ಅಡಿಯ ಕಡೆಯಿಂದ ಹೊಕ್ಕರೆ ಹುಲಿ. ಎರಡೂ ಕಡೆ ಬಾಗಿಲಿದ್ದರೆ ಒಳಗೆ ಪುಣ್ಯಕೋಟಿಯ ಕಥೆಯೇ ನಡೆಯುತ್ತಿರಬೇಕು. ಗೋಡೆ ಒಡೆಸಿ, ಬಾಗಿಲು ಬದಲಿಸಿ, ಹುಲಿಯನ್ನು ಹಸು ಮಾಡಿಸಿಕೊಂಡವರುಂಟು. ಓರೆ ಮಾತ್ರ ಇದ್ದಲ್ಲೇ ಇರುತ್ತದೆ.

ಓರೆಯೇ ಅಶುಭ ಎನ್ನುವವರಿಗೆ ಶುಲ್ಬಸೂತ್ರಗಳಲ್ಲಿ ಉತ್ತರವಿದೆ. ಸೋಮಯಾಗದ ಮಹಾವೇದಿ ಪಶ್ಚಿಮದಲ್ಲಿ 30 ಪದ, ಪೂರ್ವದಲ್ಲಿ 24, ಉದ್ದ 36. ದೇವತೆಗಳಿಗೆ ಒಗ್ಗಿದ ಆಕಾರ ಒಂದು ಡಬಲ್ ಕಾಟಿಗೆ ಒಗ್ಗದೆ? ಆಪಸ್ತಂಬರು ಒಂದು ಪಕ್ಕದ ತ್ರಿಕೋಣವನ್ನು ಕತ್ತರಿಸಿ, ತಿರುವಿ, ಇನ್ನೊಂದು ಪಕ್ಕಕ್ಕೆ ಜೋಡಿಸಿ, ಅದನ್ನು 36ಕ್ಕೆ 27ರ ಆಯತ ಮಾಡಿ 972 ಎಂದು ತೋರಿಸಿದರು. ವಿಧಾನದಲ್ಲಿ ದೋಷವಿಲ್ಲ. ಪಕ್ಕದ ಮನೆಯವರ ಕಾಂಪೌಂಡ್ ಇರುವಲ್ಲಿ ಅನುಷ್ಠಾನ ಕಷ್ಟ, ಅಷ್ಟೆ.

ಈಗ ಬೀರು. ಉಕ್ಕಿನದು, ಎಲ್ಲ ಮೂಲೆಗಳೂ ಲಂಬ, ಮದುವೆಯಲ್ಲಿ ಬಂದದ್ದಾದ್ದರಿಂದ ವಿಮರ್ಶೆಗೆ ಅತೀತ. ಆಳ ಒಂದೂವರೆ ಅಡಿ. ಹಿಂಗೋಡೆಗೆ ಒರಗಿಸಿ ಬಲಮೂಲೆಗೆ ತಳ್ಳಿದರೆ ಅದರ ಮುಂದಿನ ಅಂಚು ಓರೆಗೋಡೆಗೆ ತಾಗಿ ನಿಲ್ಲುತ್ತದೆ. ಹಿಂದುಗಡೆ ಏಳು ಅಂಗುಲ ಅಗಲದ ಮುಕ್ಕೋನೆ ಸಂದು ಉಳಿಯುತ್ತದೆ. ಇದಕ್ಕೆ ಮೇಲಿನಿಂದ ಪ್ರವೇಶವುಂಟು, ನಿರ್ಗಮವಿಲ್ಲ. ಬೀರುವಿನ ಮೇಲಿಟ್ಟ ಛತ್ರಿ, ಹೋದ ವರ್ಷದ ಪಂಚಾಂಗ, ಕೇರಂ ಬೋರ್ಡಿನ ಕೆಂಪು ಕಾಯಿ ಎಲ್ಲವೂ ಅಲ್ಲಿ ಲೀನವಾಗಿ, ಮುಂದಿನ ಸುಣ್ಣಬಣ್ಣದ ದಿನ ಪುನರ್ಜನ್ಮ ಪಡೆಯುತ್ತವೆ. ಅದೇ ಬೀರುವನ್ನು ಮುಂಗೋಡೆಯ ಬಲಮೂಲೆಗೆ ತಂದರೆ ಹಿಂದಿನ ಅಂಚು ತಾಗಿ, ಏಳು ಅಂಗುಲದ ಬಾಯಿ ಮುಂದಕ್ಕೆ ತೆರೆಯುತ್ತದೆ. ಪೊರಕೆ, ಸುತ್ತಿದ ಚಾಪೆ, ಮಡಚುವ ಇಸ್ತ್ರಿ ಮೇಜು ನಿಲ್ಲಿಸಿದರೆ ಕೈ ಹಾಕಿ ತೆಗೆಯಬಹುದು. ಚೂಪುಮೂಲೆ ನುಂಗುತ್ತದೆ, ಮೊಂಡುಮೂಲೆ ಕೊಡುತ್ತದೆ ಎಂದು ಸೂತ್ರ.

ಬೀರುವನ್ನು ಓರೆಗೋಡೆಗೇ ಒರಗಿಸಿ ಎಂಬ ಮತವೊಂದಿದೆ. ಹಾಗೆ ಮಾಡಿದ ಮನೆಗಳಲ್ಲಿ ಮಂಚವೊಂದು ದಿಕ್ಕು, ಬೀರುವೊಂದು ದಿಕ್ಕು ನೋಡುತ್ತ, ಬಂದ ನೆಂಟರು ಕತ್ತು ವಾಲಿಸಿ ಕೂರುತ್ತಾರೆ. ನೆಲದ ಟೈಲ್ಸ್ ಇನ್ನೂ ಚಾಡಿಕೋರ: ಗೋಡೆಗೆ ನೇರವಾಗಿ ಹಾಕಿದರೆ ಓರೆಗೋಡೆಯ ಬುಡದಲ್ಲಿ ಚೂರುಗಳು ಸಣ್ಣಗಾಗುತ್ತ ಹೋಗಿ ಮೇಸ್ತ್ರಿಯ ಗುಟ್ಟು ರಟ್ಟಾಗುತ್ತದೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಹಾಕಿಸಿದರೆ ನಾಲ್ಕೂ ಗೋಡೆಯ ಬಳಿ ಚೂರುಗಳೇ. ಯಾರ ತಪ್ಪೆಂದು ತಿಳಿಯುವುದಿಲ್ಲ.

ನಮ್ಮ ಸಿದ್ಧಾಂತ ಹೀಗೆ: ಮಂಚ, ಬೀರು, ಮೇಜು ಎಲ್ಲವೂ ಎಡಗೋಡೆಯ ಶಿಸ್ತಿಗೆ ಒಳಪಡಲಿ. ಸೊಟ್ಟತನವನ್ನೆಲ್ಲ ಬಲಕ್ಕೆ ನೂಕಿ, ಅಲ್ಲೊಂದು ಉದ್ದನೆಯ ಕಪಾಟು ಮಾಡಿಸಿ, ಬಾಗಿಲು ಹಾಕಿಬಿಡಿ. ಕಣ್ಣಿಗೆ ಕಾಣುವ ಕೋಣೆ 8ಕ್ಕೆ 10ರ ಅಪ್ಪಟ ಆಯತ. ಕಪಾಟಿನ ಆಳ ಒಂದು ತುದಿಯಲ್ಲಿ 4 ಅಡಿ, ಇನ್ನೊಂದು ತುದಿಯಲ್ಲಿ ಸೊನ್ನೆ. ಆಳದ ಕಡೆ ಹಾಸಿಗೆಗಳು, ಸೂಟ್‌ಕೇಸು; ನಡುವೆ ಮಡಿಸಿದ ಬಟ್ಟೆ; ಸೊನ್ನೆಯ ಕಡೆ ಒಂದು ಮೊಳೆ ಹೊಡೆದು ಬೀಗದ ಕೈ.

ಆಕ್ಷೇಪ ಬಂದದ್ದು ಲೆಕ್ಕದಲ್ಲಿ. ಕಪಾಟಿನ ದರ ಮುಂಭಾಗದ ಚದರಡಿಗೆ. ಆಳವನ್ನು ಯಾರೂ ಅಳೆಯುವುದಿಲ್ಲ. ‘ಆಳವೇ ಇಲ್ಲದ ಕಡೆಗೂ ಅದೇ ರೇಟಾ?’ ಎಂದು ಗೃಹಸ್ಥರ ಪ್ರಶ್ನೆ. ‘ಓರೆ ಕೊಯ್ದರೆ ಪ್ಲೈವುಡ್ ವೇಸ್ಟ್ ಆಗುತ್ತಲ್ಲ ಸಾರ್, ಅದಕ್ಕೆ ಎಕ್ಸ್ಟ್ರಾ ಕೇಳಿದೀನಾ ನಾನು?’ ಎಂದು ಬಡಗಿಯ ಪ್ರತಿಪ್ರಶ್ನೆ. ಮನೆಯಾಕೆ ಕಾಫಿ ತಂದಿಟ್ಟು, ಅದಕ್ಕೂ ಇದಕ್ಕೂ ವಜಾ ಎಂದು ತೀರ್ಪಿತ್ತರು. ಉಳಿದ ಮುಕ್ಕೋನೆ ಚೂರುಗಳನ್ನು ಬಡಗಿ ಒಯ್ಯಬೇಕೋ ಮನೆಯವರು ಇಟ್ಟುಕೊಳ್ಳಬೇಕೋ ಎಂಬ ಬಗ್ಗೆ ಸೂತ್ರಕಾರರು ಮೌನವಾಗಿದ್ದಾರೆ. ಸದ್ಯ ಅವು ಮೆಟ್ಟಿಲ ಕೆಳಗಿವೆ.