ಅಕ್ಕಿ ಉಂಟು, ಅಕ್ಷತೆ ಇಲ್ಲ

ರೇಷನ್ ಅಂಗಡಿಯ ಕ್ಯೂ. ಸರ್ವರ್ ಡೌನ್. ಹಾಗಾಗಿ ದೇಶದ ಚಿಂತೆ ಮಾಡಲು ಎಲ್ಲರಿಗೂ ಪುರುಸೊತ್ತು.

ಪುರೋಹಿತರು: ಏನಯ್ಯಾ, ಗಂಡೂ ಗಂಡೂ ಒಟ್ಟಿಗಿದ್ದರೆ ಒಂದೇ ಕಾರ್ಡಂತೆ?

ಅಂಗಡಿಯವ: ಹೌದು ಸ್ವಾಮಿ. ಒಂದೇ ಮನೆಯವರೆಂದು ಎಣಿಸಿ ಅಂತ 2024ರಲ್ಲಿ ಕೇಂದ್ರದ ಆಹಾರ ಇಲಾಖೆ ರಾಜ್ಯಗಳಿಗೆ ಬರೆದಿದೆ. ಬ್ಯಾಂಕಿನ ಜಂಟಿ ಖಾತೆಗೂ ಅಡ್ಡಿಯಿಲ್ಲ.

ಪುರೋಹಿತರು: ಅಕ್ಕಿ ಒಂದು, ದುಡ್ಡು ಒಂದು. ಇನ್ನು ಮದುವೆಗೆ ಉಳಿದದ್ದೇನು, ಜಗಳವೇ?

ಅಂಗಡಿಯವ: ಶ್! ಮದುವೆ ಮಾತ್ರ ಇಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರೂ ನ್ಯಾಯಮೂರ್ತಿಗಳು, ಮದುವೆ ಮೂಲಭೂತ ಹಕ್ಕಲ್ಲ, ಕಾನೂನು ಮಾಡುವುದು ಶಾಸಕಾಂಗದ ಕೆಲಸ ಅಂದುಬಿಟ್ಟರು.

ಪುರೋಹಿತರು: ಸರ್ಕಾರ ಏನಂತು?

ಅಂಗಡಿಯವ: ಇದು ನಗರದ ಮೇಲ್ವರ್ಗದವರ ವಿಚಾರ ಅಂತ ಕೋರ್ಟಿಗೆ ಹೇಳಿತ್ತು.

ಪುರೋಹಿತರು: ಮೇಲ್ವರ್ಗದವರೇ? ಮತ್ತೆ ಅವರಿಗೆ ರೇಷನ್ ಅಕ್ಕಿ ಯಾಕಯ್ಯಾ?

(ಅಂಗಡಿಯವನಿಗೆ ಕೆಮ್ಮು. ಇಂಥ ಪ್ರಶ್ನೆಗೆ ಸಂಸತ್ತಿನಲ್ಲಾದರೆ ಗದ್ದಲವೆದ್ದು ಕಲಾಪ ಮುಂದೂಡುತ್ತಾರೆ. ಪಾಪ, ಇಲ್ಲಿ ಆ ಸೌಲಭ್ಯವಿಲ್ಲ.)

ಅಂಗಡಿಯವ: ಅದನ್ನೆಲ್ಲ ನೋಡೋಕೆ ಸಂಪುಟ ಕಾರ್ಯದರ್ಶಿ ಅಧ್ಯಕ್ಷತೆಯ ಸಮಿತಿ ಇದೆ, ಬಿಡಿ. ಹಾಂ, ಸರ್ವರ್ ಬಂತು. ಹೆಬ್ಬೆಟ್ಟಿಡಿ. ಅರೆ, ನಿಮ್ಮ ಕಾರ್ಡಿನಲ್ಲಿ ಅಮ್ಮನವರ ಹೆಸರೇ ಇಲ್ಲವಲ್ಲ!

ಪುರೋಹಿತರು: ಅಯ್ಯೋ, ನಮ್ಮದು ಅಗ್ನಿಸಾಕ್ಷಿಯಾಗಿ ಆದ ಮದುವೆಯಪ್ಪಾ!

ಅಂಗಡಿಯವ: ಅಗ್ನಿ ಇಲ್ಲಿ ನಡೆಯಲ್ಲ ಸ್ವಾಮಿ. ಆಧಾರ್ ತನ್ನಿ.