ವೋಚರ್ ರಾಯರ ವಿಶಾಖಪಟ್ಟಣ ಯಾತ್ರೆ

ಪ್ರತಿ ಆಡಿಟ್ ಆಫೀಸಿನಲ್ಲೂ ಇವರೊಬ್ಬರು ಇದ್ದೇ ಇರುತ್ತಾರೆ. ಸಿಎ ಇಂಟರ್‌ನ ಎರಡನೇ ಗ್ರೂಪಿನಲ್ಲಿ ಎಂದೋ ನಿಂತುಬಿಟ್ಟವರು. ಆದರೂ ಪಾರ್ಟ್‌ನರುಗಳು ಟ್ಯಾಕ್ಸಿ ಬಿಲ್ಲು ಕೊಡುವಾಗ ಕೈ ನಡುಗುವುದು ಇವರೆದುರಿಗೇ. ಹೆಸರು ಆಫೀಸಿಗೊಂದು ಥರ, ನಾವು ವೋಚರ್ ರಾಯರು ಅಂದುಕೊಳ್ಳೋಣ. ಬಿಲ್ಲಿಲ್ಲದ್ದು ನಡೆದೇ ಇಲ್ಲ ಎಂಬುದು ರಾಯರ ಸಿದ್ಧಾಂತ. ಅವರ ಮದುವೆ ಆಗಿದೆ ಅನ್ನುವುದಕ್ಕೆ ಛತ್ರದ ರಸೀದಿಯೇ ಆಧಾರ ಎಂದು ಆರ್ಟಿಕಲ್ಸ್ ಹುಡುಗರು ಆಡಿಕೊಳ್ಳುತ್ತಾರೆ.

ಇಂಥವರ ಕೈಗೆ ವಾರ್ಷಿಕ ಸಮ್ಮೇಳನದ ಜವಾಬ್ದಾರಿ ಬರುತ್ತದೆ. ಸೆಪ್ಟೆಂಬರ್ 30ರ ಟ್ಯಾಕ್ಸ್ ಆಡಿಟ್ಟು, ಅಕ್ಟೋಬರ್ 31ರ ರಿಟರ್ನು, ನವೆಂಬರ್ 20ರ ಜಿಎಸ್‌ಟಿಆರ್-3ಬಿ ಎಲ್ಲ ದಾಟಿದ ಮೇಲಿನ ನಾಲ್ಕು ದಿನವೇ ಮುಹೂರ್ತ. ಸರ್ಕಾರ ಗಡುವು ವಿಸ್ತರಿಸಿತೋ, ಸಮ್ಮೇಳನವೂ ವಿಸ್ತರಣೆ. ಫರ್ಮಿಗೆ ವಿಜಯವಾಡದಲ್ಲಿ ಬ್ರಾಂಚ್ ಇದೆ. ಆದ್ದರಿಂದ ಅಲ್ಲಿಗೆ ಹೋಗಲು ಕಾರಣ ಹುಡುಕಬೇಕಿಲ್ಲ. ಅಲ್ಲಿಂದ ಸುಮಾರು 350 ಕಿಲೋಮೀಟರ್ ದೂರದ ವಿಶಾಖಪಟ್ಟಣಕ್ಕೆ ಯಾಕೆ? ಅಲ್ಲಿ ಇರುವುದು ಸಮುದ್ರ. ರಾಯರು ಫೈಲಿನಲ್ಲಿ ಬರೆದರು: ‘ಹೊಸ ಬ್ರಾಂಚಿನ ಸಾಧ್ಯತೆಯ ಸ್ಥಳ ಪರಿಶೀಲನೆ’.

1961ರ ಆದಾಯ ತೆರಿಗೆ ಕಾಯ್ದೆಯ 37ನೇ ಸೆಕ್ಷನ್ ರಾಯರಿಗೆ ಗಾಯತ್ರಿ ಮಂತ್ರದಷ್ಟು ಬಾಯಿಪಾಠ. ಖರ್ಚು ಪೂರ್ತಿಯಾಗಿ ವ್ಯವಹಾರಕ್ಕೇ ಆಗಿರಬೇಕು. ಊಟ-ತಿಂಡಿಯ ಮೇಲೆ ಕಟ್ಟಿದ ಜಿಎಸ್‌ಟಿ ಹೇಗೂ ತನ್ನದೇ ಕಾಯ್ದೆಯ 17(5)ರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಅದು ವಾಪಸ್ ಬಾರದ ದುಡ್ಡು. ಉಳಿದದ್ದಾದರೂ ದಕ್ಕಬೇಕಲ್ಲ? ಹಾಗಾಗಿ ಪ್ರಶಾಂತಿ ಎಕ್ಸ್‌ಪ್ರೆಸ್ ಗುಂತಕಲ್ ದಾಟುವಷ್ಟರಲ್ಲೇ ಬೋಗಿಯೊಳಗೆ ಸಮ್ಮೇಳನದ ಬ್ಯಾನರ್ ಬಿಚ್ಚಿಕೊಂಡಿತ್ತು. ಚುರುಮುರಿ ತಿನ್ನುತ್ತಿದ್ದವರನ್ನೆಲ್ಲ ಎಬ್ಬಿಸಿ, ಕೈಗೆ ಪೆನ್ನು ಕೊಟ್ಟು, ಫೋಟೋ. “ನಗಬೇಡ್ರೋ! ನಕ್ರೆ ಪ್ರವಾಸ ಅಂತಾರೆ.”

ವಿಜಯವಾಡದ ಭಾಷಣಗಳ ಬಗ್ಗೆ ಹೇಳುವುದೇನೂ ಇಲ್ಲ. ನಾವೆಲ್ಲ ಒಂದೇ ಕುಟುಂಬ ಎಂದು ಹಿರಿಯ ಪಾರ್ಟ್‌ನರ್ ಹೇಳಿದರು, ಇನ್‌ಕ್ರಿಮೆಂಟಿನ ವಿಷಯ ಹೇಳಲಿಲ್ಲ, ಗೋಂಗೂರ ಚಟ್ನಿ ಚೆನ್ನಾಗಿತ್ತು. ಸಂಜೆ ಇಂದ್ರಕೀಲಾದ್ರಿಗೆ ಹೋಗಿ ಕನಕದುರ್ಗೆಯ ದರ್ಶನ. ಲಡ್ಡುವಿಗೂ ಚೀಟಿ ಕೊಟ್ಟದ್ದನ್ನು ನೋಡಿ ರಾಯರಿಗೆ ಕಣ್ತುಂಬಿ ಬಂತು. “ನೋಡ್ರಪ್ಪಾ, ಅಮ್ಮನವರದ್ದು ಎಷ್ಟು ಶಿಸ್ತು! ನಮ್ಮ ಕ್ಲೈಂಟುಗಳಿಗೂ ಇಂಥ ಬುದ್ಧಿ ಕೊಡು ತಾಯಿ” ಎಂದು ಕೈಮುಗಿದು, ಚೀಟಿಗಳನ್ನು ಕ್ರಮವಾಗಿ ಜೋಡಿಸಿ ಪಿನ್ ಹೊಡೆದರು.

ಕೆಳಗೆ ಪ್ರಕಾಶಂ ಬ್ಯಾರೇಜು. ಎಲ್ಲರೂ ಕೃಷ್ಣೆಯ ಮೇಲಿನ ದೀಪಗಳನ್ನು ನೋಡುತ್ತಿದ್ದರೆ ರಾಯರು ನೀರಿನ ಲೆಕ್ಕ ಹಿಡಿದರು. ಬಚಾವತ್ ನ್ಯಾಯಮಂಡಳಿ ಮಹಾರಾಷ್ಟ್ರಕ್ಕೆ 560, ನಮಗೆ 700, ಆಂಧ್ರಕ್ಕೆ 800 ಟಿಎಂಸಿ ಕೊಟ್ಟದ್ದನ್ನು ಮೊಬೈಲಿನಲ್ಲಿ ಕೂಡಿಸಿ, “2060. ಟೋಟಲ್ ತಾಳೆ ಆಯ್ತು” ಎಂದು ನಿಟ್ಟುಸಿರು ಬಿಟ್ಟರು. ಆಲಮಟ್ಟಿಯಲ್ಲಿ ಬಿಟ್ಟ ನೀರು ನಾರಾಯಣಪುರ, ಜುರಾಲ, ಶ್ರೀಶೈಲ, ನಾಗಾರ್ಜುನಸಾಗರ ಎಲ್ಲ ಹಾದು ಇಲ್ಲಿಗೆ ಬರುವುದು ಅವರ ಪ್ರಕಾರ ಬ್ರಾಂಚ್ ಟ್ರಾನ್ಸ್‌ಫರ್. ದಾರಿಯಲ್ಲಿ ಕಡಿಮೆಯಾದದ್ದಕ್ಕೆ ಯಾರ ಸಹಿ ಇದೆ ಎಂದು ಬ್ರಾಂಚ್ ಮ್ಯಾನೇಜರನ್ನು ಕೇಳಿದರು. ಆತ ಗುಂಟೂರಿನವನು, ಪಾಪ, ತಾನೇ ಕುಡಿದವನ ಹಾಗೆ ತಲೆ ತಗ್ಗಿಸಿದ.

ಮಾರನೆಯ ದಿನ ವಿಶಾಖಪಟ್ಟಣದ ರುಷಿಕೊಂಡ ಬೀಚಿನಲ್ಲಿ ಟೀಮ್ ಬಿಲ್ಡಿಂಗ್. ಸೆಪ್ಟೆಂಬರ್ 29ರ ರಾತ್ರಿ ಎರಡು ಗಂಟೆಗೆ ಒಂದೇ ಪಾರ್ಸಲ್ ಪಲಾವನ್ನು ನಾಲ್ಕು ಜನ ಹಂಚಿಕೊಂಡು ತಿಂದವರನ್ನು ಬಲೂನು ಹಿಡಿಸಿ ಓಡಿಸಿದರೆ ಹೊಸದಾಗಿ ಏನು ಬಿಲ್ಡ್ ಆಗುತ್ತದೋ ನನಗಂತೂ ತಿಳಿಯದು. ಟ್ರೇನರ್ ಮಾತ್ರ ಬಹಳ ಹುರುಪಿನ ಹುಡುಗ. ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಹಿಂದೆ ನಿಂತವರು ಹಿಡಿಯುತ್ತಾರೆ, ಇದರಿಂದ ನಂಬಿಕೆ ಬೆಳೆಯುತ್ತದೆ ಎಂದ.

ನಂಬಿಕೆ! ಎಸ್‌ಎ 200 ಎಂಬ ಆಡಿಟ್ ಮಾನದಂಡ ಯಾವುದನ್ನೂ ಸಂಶಯವಿಲ್ಲದೆ ಒಪ್ಪಬೇಡ ಎಂದು ಬೋಧಿಸುತ್ತದೆ. ರಾಯರು ಅದನ್ನು ಮೂವತ್ತು ವರ್ಷ ಆಫೀಸಿನಲ್ಲೂ ಮನೆಯಲ್ಲೂ ಪಾಲಿಸಿದವರು. ತಿರುಗಿ ನೋಡಿದರು. ಹಿಡಿಯಲು ನಿಂತ ನಾಲ್ವರಲ್ಲಿ ಮೂವರ ಕನ್ವೇಯನ್ಸ್ ಬಿಲ್ಲನ್ನು ಅವರೇ ಕತ್ತರಿಸಿದ್ದರು. ನಾಲ್ಕನೆಯವನು ಹೊಸಬ, ಇನ್ನೂ ಬಿಲ್ಲು ಹಾಕಿರಲಿಲ್ಲ.

“ಮೊದ್ಲು ಒಂದು ಸ್ಯಾಂಪಲ್ ಬೀಳಿಸಿ ನೋಡೋಣ” ಅಂದರು ರಾಯರು. ಟ್ರೇನರ್ ಸಣಕಲು ಹುಡುಗನೊಬ್ಬನನ್ನು ಕರೆದ. “ಇವನು ನಡೆಯೋಲ್ಲ. ಐವತ್ತು ಕೆಜಿ ಕೂಡ ಇಲ್ಲ. ಸ್ಯಾಂಪಲ್ ಅಂದ್ರೆ ಮಟೀರಿಯಲ್ ಆಗಿರ್ಬೇಕು.” ಎಲ್ಲರ ಕಣ್ಣೂ ಹಿರಿಯ ಪಾರ್ಟ್‌ನರ್ ಕಡೆ ಹೊರಳಿತು. ಅವರಿಗೆ ಅದೇ ಹೊತ್ತಿಗೆ ತುರ್ತು ಫೋನ್ ಬಂತು. ಮಾತಾಡುತ್ತಾ ನೀರಿನವರೆಗೂ ನಡೆದೇಬಿಟ್ಟರು.

ಕೊನೆಗೆ ರಾಯರು ಎಳನೀರಿನ ಗಾಡಿಯವನ ಸ್ಟೂಲ್ ಎರವಲು ತಂದು ಕೂತು, ‘ಮೇಲ್ಕಂಡ ವ್ಯಕ್ತಿಯು ಹಿಂದಕ್ಕೆ ಬಿದ್ದಲ್ಲಿ ಕೆಳಗೆ ಸಹಿ ಮಾಡಿರುವ ನಾವು ಹಿಡಿಯತಕ್ಕದ್ದು’ ಎಂದು ಬರೆದು ನಾಲ್ವರಿಂದ ಸಹಿ ಹಾಕಿಸಿದರು. ಟ್ರೇನರ್ ಮುಖದಲ್ಲಿ ಕಳೆ ಬಂತು: ಈಗ ಬೀಳಿ ಸಾರ್!

“ಅದ್ಹೇಗಾಗುತ್ತಪ್ಪಾ? ಲಿಖಿತ ಹೇಳಿಕೆಯೊಂದೇ ಸಾಕ್ಷ್ಯಕ್ಕೆ ಸಾಲೋಲ್ಲ. ಎಸ್‌ಎ 580.”

ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ನೆರಳಿಗೆ ಹೋದರು. ಅವರು ಆ ದಿನ ಬೀಳಲೇ ಇಲ್ಲ.

ಸಂಜೆ ಆರ್‌ಕೆ ಬೀಚಿನ ಕುರ್ಸುರಾ ಸಬ್‌ಮೆರೀನಿನೊಳಗೆ ಮಾತ್ರ ಮನುಷ್ಯ ಅರಳಿದ್ದು. 1969ರಲ್ಲಿ ನೌಕಾಪಡೆಗೆ ಸೇರಿ 2001ರಲ್ಲಿ ನಿವೃತ್ತಿಯಾದದ್ದು, ಮರುವರ್ಷದಿಂದ ಮ್ಯೂಸಿಯಂ. “ಸವಕಳಿಯೆಲ್ಲ ಮುಗಿದ ಆಸ್ತಿ, ಇನ್ನೂ ಟಿಕೆಟ್ ದುಡ್ಡು ತರ್ತಿದೆ” ಎಂದು ಅದರ ಕಬ್ಬಿಣದ ಗೋಡೆಯನ್ನು ಮೆಲ್ಲಗೆ ತಟ್ಟಿದರು.

ವಾಪಸ್ ರೈಲಿನಲ್ಲಿ ಹುಡುಗರು ಧೈರ್ಯ ಮಾಡಿದರು. “ಸಾರ್, ಮುಂದಿನ ವರ್ಷ ಗೋವಾ?”

“ಗೋವಾ ಅನ್ನೋ ಹೆಸರು ಫೈಲಲ್ಲಿ ಕಂಡ್ರೆ ಯಾವ ಆಫೀಸರ್ ನಂಬ್ತಾನೆ? ದಾವಣಗೆರೆ ಹಾಕೋಣ. ಮಜಾ ಮಾಡೋಕೆ ಹೋಗಿದ್ರಿ ಅಂತ ಯಾರೂ ಅನ್ನೋಲ್ಲ.”

“ಬೆಣ್ಣೆ ದೋಸೆ ತಿಂದ್ರೆ ಸಾರ್?”

ರಾಯರು ಬಹಳ ಹೊತ್ತು ಯೋಚಿಸಿದರು. “ಬಿಲ್ಲಲ್ಲಿ ಬೆಣ್ಣೆ ಅಂತ ಬರೆಸ್ಬೇಡಿ. ಬರೀ ದೋಸೆ ಅನ್ನಿ.”