ಬೇತಾಳ ಯಾವ ಪಾರ್ಟಿ?

ನಮ್ಮ ಸಕಲೇಶಪುರ, ಆಲೂರು ಕಡೆ ಬಾಯಿಬಿಟ್ಟು ರಾಜಕೀಯ ಮಾತಾಡುವುದು ಕಷ್ಟ. ಒಂದು ಪಾರ್ಟಿಯನ್ನು ಬೈದರೆ ಭಾವನಿಗೆ ತಾಗುತ್ತದೆ, ಇನ್ನೊಂದನ್ನು ಬೈದರೆ ಬೀಗರಿಗೆ. ಮೂರನೆಯದನ್ನು ಬೈಯೋಣವೆಂದರೆ, ಹಾಸನ ಜಿಲ್ಲೆಯಲ್ಲಿ ಅದು ಮನೆದೇವರನ್ನು ಬೈದಂತೆ. ಹಾಗಾಗಿ ಮಳೆಗಾಲದ ಸಂಜೆ ಕರೆಂಟು ಹೋಯಿತೆಂದರೆ, ಸಾಹುಕಾರರ ಜಗಲಿಯಲ್ಲಿ ಸೇರುವ ನಾವು ‘ಚಂದಮಾಮ’ದ ಬಗ್ಗೆ ಜಗಳವಾಡುತ್ತೇವೆ.

ಅವರ ಅಟ್ಟದಲ್ಲಿ ‘ಚಂದಮಾಮ’ದ ಹಳೆಯ ಸಂಚಿಕೆಗಳ ಬೈಂಡುಗಳಿವೆ. ಹೊಗೆ ಹಿಡಿದು ಹಾಳೆಯೆಲ್ಲ ಕಂದಿದೆ. ಬಿಡಿಸಿದರೆ ಶಂಕರ್ ಬರೆದ ಚಿತ್ರ: ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಮುಖದಲ್ಲಿ ಒಂದಿಷ್ಟೂ ಬೇಸರವಿಲ್ಲದ ವಿಕ್ರಮ. ನಿಯಮ ಎಲ್ಲರಿಗೂ ಗೊತ್ತಿದ್ದದ್ದೇ. ಯೋಗಿಯೊಬ್ಬ ಹೇಳಿದಂತೆ ವಿಕ್ರಮ ಮರದಿಂದ ಹೆಣ ಇಳಿಸಿ ಬಾಯಿ ಬಿಡದೆ ಹೊತ್ತು ತರಬೇಕು. ಹೆಣದೊಳಗಿನ ಬೇತಾಳ ಕಥೆ ಹೇಳಿ ಪ್ರಶ್ನೆ ಕೇಳುತ್ತದೆ. ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಾವಿರ ಹೋಳು. ಬಾಯಿ ಬಿಟ್ಟರೆ ಮೌನಭಂಗ, ಬೇತಾಳ ಹೆಣದ ಸಮೇತ ಮತ್ತೆ ಮರಕ್ಕೆ.

‘ಇದು ಕಾಡಾನೆ ಸಮಸ್ಯೆ ಕಣ್ರೀ’ ಎನ್ನುತ್ತಾರೆ ಸಾಹುಕಾರರು. 2014ರಲ್ಲಿ ಈ ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದರು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಹೊತ್ತೊಯ್ಯುವುದೇ ಕೆಲಸ, ಮರಳಿ ಬರುವುದೇ ಫಲ. ಇವರ ಕಾಫಿ ಗಿಡ ತುಳಿದುಹೋದದ್ದಕ್ಕೆ ಪರಿಹಾರದ ಅರ್ಜಿಯೂ ಹಾಗೆಯೇ ಯಾವುದೋ ಕಚೇರಿಯ ಮೇಜಿನಿಂದ ಮೇಜಿಗೆ ಹಾರುತ್ತಿದೆ. ಆದ್ದರಿಂದ ಬೇತಾಳವೆಂದರೆ ಸರ್ಕಾರ, ವಿಕ್ರಮನೆಂದರೆ ಬೆಳೆಗಾರ.

ನಿವೃತ್ತ ಮೇಷ್ಟ್ರು ಇದನ್ನು ಒಪ್ಪುವುದಿಲ್ಲ. ಅವರ ಕೈಯಲ್ಲಿ ಗಟ್ಟಿ ಸಾಕ್ಷಿಯಿದೆ. 1947ರಲ್ಲಿ ನಾಗಿರೆಡ್ಡಿ, ಚಕ್ರಪಾಣಿ ಮದರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಶುರುಮಾಡಿದ ಪತ್ರಿಕೆ 1949ರಲ್ಲಿ ಕನ್ನಡಕ್ಕೂ ಬಂತಲ್ಲ, ಅದರ ಸಂಪಾದಕೀಯ ಕೆಲಸವನ್ನು 1980ರಲ್ಲಿ ತೀರಿಕೊಳ್ಳುವ ತನಕ ನೋಡಿಕೊಂಡವರು ಕೊಡವಟಿಗಂಟಿ ಕುಟುಂಬರಾವ್. ತೆಲುಗಿನ ದೊಡ್ಡ ಕಥೆಗಾರ, ಎಡಪಂಥದ ಒಲವಿನವರು. ‘ಮೂಲದಲ್ಲಿದ್ದ ಬೇತಾಳ ಕಥೆ ಬರೀ ಇಪ್ಪತ್ತೈದು. ತಿಂಗಳಿಗೊಂದರಂತೆ ಎಷ್ಟು ದಿನ ಬಂದಾವು? ಉಳಿದ ನೂರಾರನ್ನು ಹೊಸದಾಗಿ ಕಟ್ಟಿದರು. ಎಡಪಂಥದವರ ಕೈಗೆ ಒಬ್ಬ ರಾಜ ಸಿಕ್ಕರೆ ಏನು ಮಾಡ್ತಾರೆ? ರಾತ್ರಿಯಿಡೀ ಹೆಣ ಹೊರಿಸ್ತಾರೆ!’

‘ಹೊರೋನು ವಿಕ್ರಮ, ಹೊರಿಸೋನು ಯೋಗಿ’ ಎಂದು ತಿದ್ದಿದವರು ತೋಟದ ರೈಟರು. ‘ಯೋಗಿ ಬೆಚ್ಚಗೆ ಬೆಂಕಿ ಮುಂದೆ ಕೂತಿರ್ತಾನೆ. ಜಾರೋ ದಾರೀಲಿ ಮೂಟೆ ಹೊರೋನು ಬೇರೆಯವನು. ತೋಟ ಅಂದ್ರೆ ಇದೇ ಅಲ್ವ, ಸಾಹುಕಾರ್ರೇ?’ ಎಲ್ಲರಿಗಿಂತ ಜೋರಾಗಿ ನಕ್ಕವರು ಕೆಂಡದ ಮುಂದೆ ಕೂತು ಹಲಸಿನ ಬೀಜ ಸುಡುತ್ತಿದ್ದ ಸಾಹುಕಾರರೇ. ಪಕ್ಕದ ತೋಟದವರ ಮಾತೆಂದುಕೊಂಡರು.

ಮಕ್ಕಳ ಕಥೆಯಲ್ಲಿ ರಾಜಕೀಯ ಹುಡುಕುವ ಈ ಚಟ ನಮ್ಮ ಘಟ್ಟದವರಿಗೆ ಮಾತ್ರ ಅಂಟಿದ್ದಲ್ಲ. ಅಮೆರಿಕದ ಎಲ್. ಫ್ರಾಂಕ್ ಬಾಮ್ 1900ರಲ್ಲಿ ಆಜ್ ಎಂಬ ಮಾಯಾನಾಡಿನ ಕಥೆ ಬರೆದ, ಮಕ್ಕಳು ಬಿಡದ್ದರಿಂದ ಅದು 14 ಪುಸ್ತಕದವರೆಗೆ ಬೆಳೆಯಿತು. 1964ರಲ್ಲಿ ಹೆನ್ರಿ ಲಿಟಲ್‌ಫೀಲ್ಡ್ ಎಂಬ ಹೈಸ್ಕೂಲು ಮೇಷ್ಟ್ರು ಹಳದಿ ಇಟ್ಟಿಗೆಯ ರಸ್ತೆಯಲ್ಲಿ ಚಿನ್ನದ ನಾಣ್ಯಪದ್ಧತಿಯನ್ನೂ, ಹುಡುಗಿಯ ಬೆಳ್ಳಿ ಚಪ್ಪಲಿಯಲ್ಲಿ ಬೆಳ್ಳಿ ನಾಣ್ಯ ಕೇಳಿದವರ ಚಳವಳಿಯನ್ನೂ, ಬೆದರುಬೊಂಬೆಯಲ್ಲಿ ರೈತನನ್ನೂ ಕಂಡರು. ಬಾಮ್‌ಗೆ ಹಾಗೊಂದು ಉದ್ದೇಶವಿತ್ತೆನ್ನಲು ಆಧಾರವಿಲ್ಲ ಎಂದು ಮುಂದೆ ಅವರೇ ಬರೆದರು. ಯಾರು ಕೇಳಬೇಕು? ಅಷ್ಟರಲ್ಲಿ ಎಷ್ಟೋ ಕ್ಲಾಸುಗಳಲ್ಲಿ ಪಾಠವಾಗಿಹೋಗಿತ್ತು.

ಇವರನ್ನೆಲ್ಲ ಕೇಳಿ ಕೇಳಿ ನನಗನ್ನಿಸಿದ್ದು ಇಷ್ಟು. ಕಥೆಯಲ್ಲಿ ಯಾರು ಯಾರೆಂದು ಹಂಚಲು ಕೂತರೆ ವಿಕ್ರಮನ ಸ್ಥಾನಕ್ಕೆ ಭಾರೀ ನೂಕುನುಗ್ಗಲು. ಭಾರ ಹೊತ್ತವರು ನಾವೇ ಎಂದು ಸಾಹುಕಾರರಿಗೂ ಗೊತ್ತು, ರೈಟರಿಗೂ ಗೊತ್ತು, ಪಿಂಚಣಿ ಎಣಿಸುವ ಮೇಷ್ಟ್ರಿಗೂ ಗೊತ್ತು. ಬೇತಾಳದ ಸ್ಥಾನ ಯಾವತ್ತೂ ಸರ್ಕಾರಕ್ಕೆ ಮೀಸಲು. ಯೋಗಿಯ ಸ್ಥಾನಕ್ಕೆ ಮಾತ್ರ ಈವರೆಗೆ ಒಂದೇ ಒಂದು ನಾಮಪತ್ರವೂ ಬಂದಿಲ್ಲ.

ನಿಜವಾದ ರಾಜಕೀಯವಿರುವುದು ‘ಚಂದಮಾಮ’ ಮುಂದೂಡುತ್ತಲೇ ಹೋದ ಕೊನೆಯಲ್ಲಿ ಎಂದರು ಮೇಷ್ಟ್ರು. 11ನೇ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಅದಿದೆ. ತಂದೆ ಮಗ ಇಬ್ಬರು ದಾರಿಯಲ್ಲಿ ತಾಯಿ ಮಗಳ ಹೆಜ್ಜೆ ಗುರುತು ಕಾಣುತ್ತಾರೆ. ದೊಡ್ಡ ಹೆಜ್ಜೆಯವಳು ತಂದೆಗೆ, ಚಿಕ್ಕ ಹೆಜ್ಜೆಯವಳು ಮಗನಿಗೆ ಎಂದು ಮಾತಾಗುತ್ತದೆ. ನೋಡಿದರೆ ದೊಡ್ಡ ಪಾದ ಮಗಳದ್ದು! ಕೊಟ್ಟ ಮಾತಿನಂತೆ ತಂದೆಗೆ ಮಗಳು, ಮಗನಿಗೆ ತಾಯಿ. ಈ ಎರಡು ಜೋಡಿಗೆ ಹುಟ್ಟಿದ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು? ರಾಜನಿಗೆ ಉತ್ತರ ಹೊಳೆಯುವುದಿಲ್ಲ, ಸುಮ್ಮನಿರುತ್ತಾನೆ. ಮೆಚ್ಚಿದ ಬೇತಾಳ, ಯೋಗಿ ನಿನ್ನನ್ನೇ ಬಲಿ ಕೊಡಲಿದ್ದಾನೆ ಎಂಬ ಗುಟ್ಟು ಹೇಳುತ್ತದೆ. ರಾಜ ಯೋಗಿಯನ್ನೇ ಮುಗಿಸುತ್ತಾನೆ. ‘ಗೊತ್ತಿಲ್ಲದಾಗ ಬಾಯಿ ಮುಚ್ಚಿಕೊಂಡಿರೋ ಒಬ್ಬ ದೊರೆ! ಇದಕ್ಕಿಂತ ಫ್ಯಾಂಟಸಿ ಬೇಕೇನ್ರೀ?’

ಒಳಗೆ ಕಡುಬು ಬೇಯಿಸುತ್ತಿದ್ದ ಅಮ್ಮಾವ್ರು ಬಾಗಿಲಿಗೆ ಬಂದರು. ‘ಅದಕ್ಯಾಕೆ ಅಷ್ಟು ಯೋಚನೆ ಮೇಷ್ಟ್ರೇ? ಎರಡೂ ಗಂಡಾದ್ರೆ, ತಂದೆಗೆ ಹುಟ್ಟಿದ್ದು ಮಗನ ಕೂಸಿಗೆ ಚಿಕ್ಕಪ್ಪ, ಮಗನಿಗೆ ಹುಟ್ಟಿದ್ದು ಅದಕ್ಕೆ ಸೋದರಮಾವ. ನಮ್ಮ ಹೆತ್ತೂರು ಕಡೆ ನೆಂಟಸ್ತಿಕೆಯಲ್ಲಿ ಇದಕ್ಕಿಂತ ಗೋಜಲು ಎಷ್ಟು ಬೇಕು?’

ಮೇಷ್ಟ್ರು ಬೆರಳು ಮಡಿಸಿ ಲೆಕ್ಕ ಹಾಕಿದರು. ಸರಿಯಾಗಿತ್ತು. ಅಂದರೆ ವಿಕ್ರಮನ ಜಾಗದಲ್ಲಿ ಅಮ್ಮಾವ್ರಿದ್ದಿದ್ದರೆ ಬೇತಾಳ ಕೊನೆಯ ಸಲವೂ ಮರ ಹತ್ತುತ್ತಿತ್ತು, ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು, ಯೋಗಿ ಕೂತಲ್ಲೇ ಕ್ಷೇಮವಾಗಿರುತ್ತಿದ್ದ.

‘ಸದ್ಯ!’ ಎಂದರು ಸಾಹುಕಾರರು, ಇನ್ನೆರಡು ಹಲಸಿನ ಬೀಜ ಕೆಂಡಕ್ಕೆ ತಳ್ಳುತ್ತ.